ಅಕ್ಕನ ಕಾರು, ಬೇಸಿಗೆಯ ಬಾವಿ ನೀರು

ಮೊನ್ನೆ ಬ್ರಹ್ಮಾವರದ ಬಸ್ ನಿಲ್ದಾಣದ ಹತ್ತಿರ ಒಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದೆ. ನನ್ನ ಫೋನು ಚಾರ್ಜ್ ಆಗುತ್ತಿರಲಿಲ್ಲ. ಅಂಗಡಿಯವರು ಅದರ ಬೆನ್ನು ಬಿಚ್ಚಿ, ಬೆಸುಗೆ ಕಡ್ಡಿಯ ಬಿಸಿ ತುದಿಯನ್ನು ಡಬ್ಬಿಯಲ್ಲಿದ್ದ ರಾಳಕ್ಕೆ ತಾಗಿಸಿದರು. ಚುಂಯ್ ಎಂದು ಒಂದೆಳೆ ಹೊಗೆ ಎದ್ದಿತು. ಧೂಪದಂಥ, ಆದರೆ ಧೂಪವಲ್ಲದ ವಾಸನೆ... ಫೋನು ಸರಿಯಾಯಿತೆಂದು ಅವರು ಎರಡು ಸಲ ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಬೀಜಾಡಿಯ ನಮ್ಮ ಮನೆಯ ಅಂಗಳ, ಬಾಗಿಲು ತೆರೆದು ನಿಂತ ಬಿಳಿ ಕಾರು, ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ ಅಂಗಾತ ಮಲಗಿದ್ದ ನನ್ನ ಅಕ್ಕ. ಅವಳ ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು.

ಅಕ್ಕ ಮದುವೆಯಾಗಿ ಮುಂಬೈಗೆ ಹೋದವಳು. ಭಾವ ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದರು. ಅಕ್ಕ ಟಿವಿ ರಿಮೋಟುಗಳನ್ನು ಜೋಡಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಹೆಂಗಸರ ಸಾಲಿನಲ್ಲಿ ಕೂತು ಬೆಸುಗೆ ಹಾಕುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಊರಿಗೆ ಬಂದಳು. ಬರುವಾಗ ಅವಳ ಜೊತೆ ಬಂದದ್ದು ಹಿಂದಿ ಭಾಷೆ, ಕಾರು ಓಡಿಸುವ ಲೈಸೆನ್ಸು, ಹಳೆ ರವಿಕೆಯ ಬಟ್ಟೆಯಲ್ಲಿ ಸುತ್ತಿದ ಒಂದು ಬೆಸುಗೆ ಕಡ್ಡಿ. ಅಮ್ಮ ಆ ಕಡ್ಡಿಯನ್ನು ಕಂಡು ಅತ್ತರು. ಬಂಗಾರ ತರಬೇಕಾದವಳು ಇದನ್ನು ತಂದಳಲ್ಲ ಎಂದು.

ಇದ್ದ ಹಣವನ್ನೆಲ್ಲ ಸೇರಿಸಿ ಅಕ್ಕ ಒಂದು ಹಳೆ ಸಣ್ಣ ಕಾರು ಕೊಂಡಳು. ಲೈಸೆನ್ಸ್ ಮಾಡಿಸಿಕೊಂಡೂ ರಸ್ತೆಗೆ ಇಳಿಯಲು ಹೆದರುವ ಹೆಂಗಸರು ನಮ್ಮ ಕಡೆ ಬೇಕಾದಷ್ಟು ಇದ್ದರು. ಗಂಡ ಪಕ್ಕದಲ್ಲಿ ಕೂತರೆ ಬೈಗುಳ, ಮಗ ಕೂತರೆ ನಗೆ. ಅವರನ್ನೆಲ್ಲ ಅಕ್ಕ ಕೂರಿಸಿಕೊಂಡು ಕಲಿಸುತ್ತಿದ್ದಳು. ಬೀಜಾಡಿಯಿಂದ ಕಡಲ ಬದಿಯ ರಸ್ತೆಯಲ್ಲಿ ಸ್ವಲ್ಪ ದಿನ, ಆಮೇಲೆ ಕುಂಭಾಶಿಯ ಏರು, ಕಡೆಗೆ ತೆಕ್ಕಟ್ಟೆಯವರೆಗೆ ಹೆದ್ದಾರಿ.

"ಇದ್ ಎಮ್ಮಿ ಅಲ್ಲ ಮಾರಾಯ್ತಿ, ಹಾಯುದಿಲ್ಲೆ. ಕಾಲ್ ತೆಗೆ, ನಿಲ್ಲತ್ತ್," ಎನ್ನುತ್ತಿದ್ದಳು. ಬ್ರೇಕಿನ ಬದಲು ಬೇರೆಯದನ್ನು ತುಳಿದು ಯಾರದೋ ಬೇಲಿಗೆ ಹೋಗಿ ನಿಂತವರಿಗೂ, "ಬೇಲಿ ಅಂದ್ರೆ ಎಂತ, ನಾಳಿಗೆ ಮತ್ತ್ ಕಟ್ರಾಯ್ತ್. ನೀವ್ ಸ್ಟಾರ್ಟ್ ಮಾಡಿ ಕಾಂಬ" ಎಂದಷ್ಟೇ ಹೇಳುವಳು.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಬೋಟಿಗೆ ಹೋದವನು. ನನಗೆ ಅಕ್ಕನನ್ನು ಕಂಡರೆ ಪ್ರೀತಿಗಿಂತ ಹೆಚ್ಚಾಗಿ ಬೆರಗು. ಕಾರನ್ನು ಅವಳು ನನಗೂ ಕಲಿಸಿದ್ದಳು, ಬೇಕಾದಾಗ ಕೊಡುತ್ತಲೂ ಇದ್ದಳು. ಒಂದೇ ಒಂದು ಮಾತು ಹೇಳಿದ್ದಳು: "ಎಲ್ಲಿಗ್ ಬೇಕಾರೂ ತಕಂಡ್ ಹೋಗ್. ಕಾರಂಗೆ ಮೀನ್ ಮಾತ್ರ ಹಾಕ್ಬೇಡ. ಕಲಿಯುಕ್ ಬಪ್ಪರಂಗೆ ಮೀನ್ ತಿನ್ನದವ್ರೂ ಇದ್ರ್."

ಕಲಿಯಲು ಬರುವವರಲ್ಲಿ ಒಬ್ಬಾಕೆ ಮೀನು ಮಾರುವವಳೇ ಆಗಿದ್ದಳು. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇದ್ದವಳು. ಸಂಬಂಧವೇನೂ ಇಲ್ಲ, ಆದರೂ ಚಿಕ್ಕಿ ಎನ್ನುತ್ತಿದ್ದೆವು. ಬೆಳಿಗ್ಗೆ ಬುಟ್ಟಿ ಹೊತ್ತು ಕೋಟೇಶ್ವರದ ಮನೆಮನೆ ತಿರುಗಿ, ಮಧ್ಯಾಹ್ನ ನಮ್ಮ ಬಾವಿಕಟ್ಟೆಯಲ್ಲಿ ಕೈಕಾಲು ತಿಕ್ಕಿ ತೊಳೆದು, ಬುಟ್ಟಿಯನ್ನು ಜಗಲಿಯ ಮೂಲೆಯಲ್ಲಿಟ್ಟು, ಚೀಲದಲ್ಲಿ ತಂದ ಬೇರೆ ಸೀರೆ ಉಟ್ಟು ಕಾರಿಗೆ ಹತ್ತುವಳು. ಬುಟ್ಟಿ ಹೊತ್ತು ಹೊತ್ತು ಅವಳ ಕುತ್ತಿಗೆ ಹಿಡಿದುಕೊಂಡಿತ್ತು. ಒಂದು ಸಣ್ಣ ಗೂಡ್ಸ್ ಗಾಡಿ ತೆಗೆದುಕೊಂಡು ತಾನೇ ಓಡಿಸಬೇಕೆಂಬುದು ಅವಳ ಆಸೆ. ಅಕ್ಕ ಅವಳಿಗೆ ಎಲ್ಲರಿಗಿಂತ ಹೆಚ್ಚು ಮನಸ್ಸಿಟ್ಟು ಕಲಿಸುತ್ತಿದ್ದಳು.

ಆ ವರ್ಷದ ಬೇಸಿಗೆಯಲ್ಲಿ ಅಕ್ಕ ಒಂದು ಮದುವೆಗೆಂದು ಬಸ್ಸಿನಲ್ಲಿ ಹೋಗಿದ್ದಳು. ಕಾರು ಮನೆಯಲ್ಲಿತ್ತು. ನನ್ನ ಜೊತೆ ಬೋಟಿನಲ್ಲಿದ್ದ ಗೆಳೆಯನ ಮನೆಯಲ್ಲಿ ನೆಂಟರ ಊಟ. ಗಂಗೊಳ್ಳಿಯ ಬಂದರಿನಲ್ಲಿ ಒಳ್ಳೆ ಬಂಗುಡೆ ಮೀನು ಬಿದ್ದಿತ್ತು. ಅವನಿಗೆ ಗಾಡಿ ಸಿಗಲಿಲ್ಲ. "ನಿನ್ನಕ್ಕನ್ ಕಾರ್ ಇತ್ತಲೆ," ಎಂದ. ನಾನು ಬೇಡ ಎನ್ನಬಹುದಿತ್ತು. ಆದರೆ ನಾಲ್ಕು ಜನರ ಮುಂದೆ ಕಾರಿನಲ್ಲಿ ಬಂದರಿಗೆ ಇಳಿಯುವ ಆಸೆ ನನಗೂ ಇತ್ತು. ಮಂಜುಗಡ್ಡೆ ತುಂಬಿದ ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಒಂದನ್ನು ಹಿಂದೆ, ಇನ್ನೊಂದನ್ನು ಮುಂದಿನ ಸೀಟಿನ ಬುಡದಲ್ಲಿ ಇಟ್ಟೆವು. ದಾರಿಯಲ್ಲಿ ಹೊಂಡಕ್ಕೆ ಇಳಿದಾಗ ಮುಂದಿನದು ಬಿರುಕು ಬಿಟ್ಟು ನೀರೆಲ್ಲ ಕಾರಿನೊಳಗೆ ಹೋಯಿತು.

ಮನೆಗೆ ಬಂದು ನಾನು ಮಾಡಿದ ಕೆಲಸ ಅದಕ್ಕಿಂತ ದೊಡ್ಡ ತಪ್ಪು. ವಾಸನೆ ಹೋಗಲೆಂದು ಬಾವಿಯಿಂದ ಕೊಡಗಟ್ಟಲೆ ನೀರು ಸೇದಿ ಕಾರಿನ ಒಳಗೇ ಹೊಯ್ದೆ. ಕಡಲ ಬದಿಯ ನಮ್ಮ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ. ಆ ನೀರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ. ಕುಡಿಯಲು ಪಂಚಾಯಿತಿ ನಳ್ಳಿಗೆ ಕಾಯುತ್ತೇವೆ. ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ ಅದು. ಆದರೆ ಆ ಹೊತ್ತಿಗೆ ನನಗೆ ಮೂಗಿಗೆ ಬಡಿಯುತ್ತಿದ್ದ ಮೀನಿನ ವಾಸನೆ ಒಂದೇ ಗೊತ್ತಿದ್ದದ್ದು. ತೊಳೆದೆ, ಒರೆಸಿದೆ, ಒದ್ದೆ ನೆಲಹಾಸನ್ನು ಹಾಗೆಯೇ ಮೇಲೆ ಹಾಸಿದೆ, ಎರಡು ಊದುಬತ್ತಿ ಹಚ್ಚಿಟ್ಟೆ. ಅಕ್ಕ ಬಂದವಳು, "ಎಂತ, ಕಾರಿಗ್ ಪೂಜಿ ಮಾಡಿದ್ಯಾ?" ಎಂದು ನಕ್ಕಳು. ನಾನೂ ನಕ್ಕೆ.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಒಂದೊಂದೇ ಶುರುವಾಯಿತು. ಎಡಗಡೆಯ ಇಂಡಿಕೇಟರ್ ಹಾಕಿದರೆ ಒಳಗಿನ ದೀಪ ಉರಿಯುವುದು. ನಿಂತ ಕಾರಿನ ಬಾಗಿಲುಗಳು ಟಪ್ ಎಂದು ತಾವೇ ಬೀಗ ಹಾಕಿಕೊಳ್ಳುವುದು. ಅಮ್ಮ ಆನೆಗುಡ್ಡೆ ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದರು. ಅಕ್ಕ ಬ್ಯಾಟರಿಯ ತಂತಿ ಬಿಚ್ಚಿ, ಉಜ್ಜಿ, ಮತ್ತೆ ಹಾಕಿದಳು. ಎರಡು ದಿನ ಸರಿ, ಮತ್ತೆ ಅದೇ.

ಒಂದು ಮಧ್ಯಾಹ್ನ ಚಿಕ್ಕಿ ಓಡಿಸುತ್ತಿದ್ದಳು, ಅಕ್ಕ ಪಕ್ಕದಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಕೋಟೇಶ್ವರದಲ್ಲಿ ಹೆದ್ದಾರಿಗೆ ಸೇರುವ ಕಡೆ ಬರುತ್ತಿದ್ದಂತೆ ಹಾರನ್ ತಾನೇ ಕೂಗತೊಡಗಿತು. ನಿಲ್ಲಲಿಲ್ಲ. ಸುಡುಬಿಸಿಲಿನಲ್ಲಿ ವೈಪರುಗಳು ಗರಗರ ಓಡತೊಡಗಿದವು. ಚಿಕ್ಕಿ ರಸ್ತೆಯ ನಡುವೆಯೇ ನಿಲ್ಲಿಸಿದಳು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಲಾರಿ. ಜನ ಸೇರಿದರು. "ಹ್ವಾಯ್, ಮಳಿ ಎಲ್ಲ್ ಬತ್ತಾ ಇತ್ತ್?" ಎಂದು ಒಬ್ಬ ಕೇಳಿದ. ಇನ್ನೊಬ್ಬ ಚಿಕ್ಕಿಯ ಗುರುತು ಹಿಡಿದು, "ಅದ್ ಹಾರನ್ ಅಲ್ಲ, ಮೀನ್ ಬಂತ್ ಮೀನ್ ಅಂದ್ಹೇಳಿ ಕೂಗುದ್!" ಎಂದ. ಎಲ್ಲರೂ ನಕ್ಕರು. ಚಿಕ್ಕಿ ಬಾಗಿಲು ತೆಗೆದು ಇಳಿದಳು. ಅಕ್ಕ ಕರೆಯುತ್ತಿದ್ದಂತೆಯೇ ತಲೆ ತಗ್ಗಿಸಿಕೊಂಡು ಬೀಜಾಡಿಯ ಕಡೆ ನಡೆದುಬಿಟ್ಟಳು.

ಮನೆಗೆ ತಂದು ಒಳಗೆಲ್ಲ ಗುಡಿಸುವಾಗ ಅಮ್ಮನ ಕೈಗೆ ಒಂದು ಒಣಗಿದ ಮೀನಿನ ಪರೆ ಸಿಕ್ಕಿತು. ಅಮ್ಮ ಅದನ್ನು ಉಗುರ ತುದಿಯಲ್ಲಿ ಹಿಡಿದು ಜಗಲಿಗೆ ಬಂದರು. ಅಕ್ಕ ನನ್ನ ಮುಖ ನೋಡಿದಳು.

"ನೀ ಏನಾರೂ ಮೀನ್ ಹಾಕಿದ್ಯಾ?"

"ಇಲ್ಲೆ," ಎಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. "ಅವತ್ ಚಿಕ್ಕಿ ಬುಟ್ಟಿ ಕಾರಂಗೆ ಇಟ್ಟಿತ್ತಲೆ," ಎಂದು ಸೇರಿಸಿದೆ. ಹೌದು, ಒಂದು ದಿನ ಮಳೆಹನಿ ಬಿತ್ತೆಂದು ಅಕ್ಕನೇ ಅವಳ ಖಾಲಿ ಬುಟ್ಟಿಯನ್ನು ಡಿಕ್ಕಿಯಲ್ಲಿ ಇಡಿಸಿಕೊಂಡಿದ್ದಳು. ಅದು ತೊಳೆದು ಒಣಗಿಸಿದ ಬುಟ್ಟಿ. ಅದೆಲ್ಲ ಗೊತ್ತಿದ್ದೇ ಹೇಳಿದೆ.

ಅಕ್ಕ ಮತ್ತೆ ಕಾರಿನ ಕಡೆ ಹೋದಳು. ಅಮ್ಮ ಸುಮ್ಮನಿರಲಿಲ್ಲ. ಮರುದಿನ ಚಿಕ್ಕಿ ಬುಟ್ಟಿ ಹೊತ್ತು ಹೋಗುವಾಗ ಗೇಟಿನ ಹತ್ತಿರ ನಿಲ್ಲಿಸಿ, "ನಿನ್ ಬುಟ್ಟಿ ನೀರಿಂದ ನಮ್ಮ ಹುಡ್ಗಿ ಅನ್ನಕ್ಕೆ ಕಲ್ ಬಿತ್ತಲೆ, ಮಾರಾಯ್ತಿ," ಎಂದರು. ನಾನು ಅಲ್ಲೇ ಬಲೆ ಬಿಡಿಸುತ್ತಾ ಕೂತಿದ್ದೆ. ಚಿಕ್ಕಿ, "ನನ್ ಬುಟ್ಟಿಯಂಗೆ ನೀರೇ ಇರ್ಲಿಲ್ಲೆ ಅಮ್ಮಾ," ಎಂದಳು. ಒಂದು ಸಲ ನನ್ನ ಕಡೆ ನೋಡಿದಳು, ಹೌದೆಂದು ನಾನು ಹೇಳುತ್ತೇನೇನೋ ಎಂಬಂತೆ. ನಾನು ಬಲೆಯ ಗಂಟು ನೋಡುತ್ತಿದ್ದೆ. ಆಮೇಲೆ ಅವಳು ನಮ್ಮ ಮನೆಗೆ ಬರಲಿಲ್ಲ.

ಗ್ಯಾರೇಜಿನವರು ತೆಕ್ಕಟ್ಟೆಯಿಂದ ಬಂದು ನೋಡಿದರು. ಒಳ್ಳೆಯ ಮನುಷ್ಯ. "ಅಕ್ಕಾ, ಇಂಜಿನ್ ಆದ್ರೆ ನಂಗ್ ಬಿಡಿ. ಇದ್ ಬಾಡಿ ಕಂಟ್ರೋಲ್ ಮಾಡ್ಯೂಲ್ ಹೋದ್ದ್," ಎಂದರು. ದೀಪ, ಹಾರನ್, ವೈಪರ್, ಬಾಗಿಲ ಬೀಗ, ಕೀಲಿಯ ಗುರುತು, ಇಷ್ಟೂ ಒಂದು ಪೆಟ್ಟಿಗೆಯ ಹಿಡಿತದಲ್ಲಿ ಇರುತ್ತದಂತೆ. ಹೊಸದು ಯಾವಾಗ ಬರುತ್ತದೋ ಹೇಳಲಾಗದು, ಬಂದರೂ ಅದಕ್ಕೆ ಈ ಕಾರು ಯಾವುದೆಂದು ಕಂಪ್ಯೂಟರಿನಿಂದ ಹೇಳಿಕೊಡದೆ ಅದು ಕೆಲಸ ಮಾಡದು ಎಂದರು. ಬಾಗಿಲು ತಾನೇ ಮುಚ್ಚಿಕೊಳ್ಳುವ ಕಾರಿನಲ್ಲಿ ಯಾರನ್ನು ಕೂರಿಸಿ ಕಲಿಸುವುದು? ಕಲಿಯುವವರು ಒಬ್ಬೊಬ್ಬರಾಗಿ ದೂರವಾದರು. ಹೆಂಗಸರ ಕೈಗೆ ಕಾರು ಕೊಟ್ಟರೆ ಹೀಗೇ ಎಂದು ಊರಲ್ಲಿ ಆಡಿಕೊಂಡರು. ಅಕ್ಕನಿಗೆ ಇದ್ದದ್ದು ಆ ಕಾರು ಒಂದೇ, ಆ ಹೆಸರು ಒಂದೇ.

ಅವಳು ಎರಡು ದಿನ ಫೋನಿನಲ್ಲಿ ಹಿಂದಿಯ ವಿಡಿಯೋಗಳನ್ನು ನೋಡುತ್ತಾ ಕೂತಳು. ಮೂರನೇ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಇಳಿದಳು. "ಎಂತ ದೊಡ್ಡ ವಿಷ್ಯ, ರಿಮೋಟಿನ್ ದೊಡ್ಡಪ್ಪ ಅಷ್ಟೆ," ಎಂದಳು.

"ಬಿಚ್ಚಿದ್ದ್ ಮತ್ತ್ ಕೂಡ್ಸುಕಾತಾ?" ಎಂದು ಅಮ್ಮ ಕೇಳಿದರು.

"ಆಗದಿದ್ರೆ ಕೋಳಿಗೂಡ್ ಮಾಡುವ, ಅಮ್ಮ. ಬಾಗ್ಲ್ ತಾನೇ ಹಾಯ್ಕಂತ್, ನರಿ ಬಪ್ಪುದಿಲ್ಲೆ."

ಮೊದಲು ಬ್ಯಾಟರಿಯ ತಂತಿ ತೆಗೆದಳು. ತೆಗೆದವಳೇ ಕೆಲಸಕ್ಕೆ ಕೈ ಹಾಕದೆ ಮೆಟ್ಟಿಲ ಮೇಲೆ ಕೂತು ಚಾ ಕುಡಿದಳು. ತಂತಿ ತೆಗೆದರೂ ಒಳಗೆ ಸ್ವಲ್ಪ ಕರೆಂಟು ಉಳಿದಿರುತ್ತದೆ, ಅದು ಇಳಿಯಲಿ ಎಂದಳು. ಆಮೇಲೆ ಸ್ಟೇರಿಂಗಿನ ಕೆಳಗಿನ ಪ್ಲಾಸ್ಟಿಕ್ ಹಲಗೆ ಬಿಚ್ಚಿದಳು. ಒಂದೊಂದು ತಂತಿಯ ಗುಚ್ಛ ತೆಗೆಯುವ ಮುಂಚೆಯೂ ಫೋಟೋ ತೆಗೆದಳು. ಪೆಟ್ಟಿಗೆ ಹೊರಗೆ ಬಂತು. ಅಂಗೈಗಿಂತ ಸ್ವಲ್ಪ ದೊಡ್ಡದು. ಮುಚ್ಚಳ ತೆರೆದರೆ ಒಳಗಿನ ಸರ್ಕ್ಯೂಟ್ ಹಲಗೆಯ ಮೇಲೆ ಹಸಿರು ಕಿಲುಬು ಪಾಚಿಯ ಹಾಗೆ ಹಬ್ಬಿತ್ತು.

ಅಕ್ಕ ಅದನ್ನು ಬದಿಗಿಟ್ಟು ಕಾರಿನ ನೆಲಹಾಸನ್ನು ಪೂರ್ತಿ ಎತ್ತಿದಳು. ಕೆಳಗೆ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಬೆಳ್ಳಗೆ ಪುಡಿ ಕಟ್ಟಿತ್ತು. ಬುಟ್ಟಿಯಿಂದ ತೊಟ್ಟಿಕ್ಕಿದ ನೀರು ಹಾಗೆ ಹರಡುವುದಿಲ್ಲ. ಅವಳು ನೆಲಹಾಸಿನ ಅಡಿಯ ಪುಡಿಯನ್ನು ಬೆರಳಿಗೆ ಒತ್ತಿ, ನಾಲಿಗೆಯ ತುದಿಗೆ ಮುಟ್ಟಿಸಿ, ಥೂ ಎಂದು ಉಗಿದಳು. ಬಾವಿಯ ಕಡೆ ನೋಡಿದಳು. ನಾನು ಟಾರ್ಚು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವಳು ನನ್ನ ಕಡೆ ತಿರುಗಲಿಲ್ಲ.

"ಬೇಸ್ಗಿಯಂಗೆ ನಮ್ ಬಾವಿ ನೀರಂಗೆ ಯಾರೂ ಕಾರ್ ತೊಳಿಯುಕಾಗ," ಎಂದಳು. ಅಷ್ಟೇ. "ಟಾರ್ಚ್ ಸಮ ಹಿಡಿ."

ಅವಳಿಗೆ ತಿಳಿಯಿತು ಎಂದು ನನಗೂ ತಿಳಿಯಿತು. ಈಗ ಹೇಳು, ಈಗ ಹೇಳು ಎಂದು ಒಳಗಿನಿಂದ ಯಾರೋ ಒತ್ತುತ್ತಿದ್ದರು. ಅವಳು ಬೈದಿದ್ದರೆ ಹೇಳುತ್ತಿದ್ದೆನೇನೋ... ಅವಳು ಬೈಯಲಿಲ್ಲ. ನಾನಾಗಿ ಹೇಳಲು ಜಾಗ ಬಿಟ್ಟು ಕೊಟ್ಟಳು. ಆ ಜಾಗದಲ್ಲಿ ನಾನು ಟಾರ್ಚು ಹಿಡಿದು ನಿಂತೆ.

ಬೈಂದೂರಿನ ಗುಜರಿಯಲ್ಲಿ ಅಪಘಾತವಾದ ಅದೇ ಮಾದರಿಯ ಕಾರು ಒಂದಿತ್ತು. ಮುಂಭಾಗ ಚಪ್ಪಟೆಯಾಗಿದ್ದರೂ ಈ ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಹಿಂದೆ ಬರೆದಿದ್ದ ನಂಬರು ನಮ್ಮದಕ್ಕೆ ಸರಿಯಾಗಿ ಹೊಂದುವುದನ್ನು ಎರಡು ಸಲ ನೋಡಿ ಅಕ್ಕ ಅದನ್ನು ತಂದಳು. ಜೋಡಿಸಿದರೆ ಮುಗಿಯಿತಲ್ಲ ಎಂದೆ ನಾನು. ಅವಳು ನಕ್ಕಳು. "ಇದ್ ಬೇರೆ ಮನಿಯಂಗೆ ಇದ್ದದ್ದ್ ಮಾರಾಯ. ಅಲ್ಲಿನ ಕೀಲಿ ಅದಕ್ಕೆ ಗುರ್ತ, ನಮ್ದ್ ಗುರ್ತ ಇಲ್ಲೆ. ಹಳೇದ್ರ ಹತ್ರ ಕೇಣಿ ತಿಳ್ಕಂಡ್ ಇದಕ್ಕೆ ಹೇಳ್ಕೊಡ್ಕ್."

ಆದರೆ ಹಳೆಯದು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಅದನ್ನು ಮಾತಾಡಿಸುವ ಕೆಲಸಕ್ಕೆ ಅಕ್ಕ ಜಗಲಿಯಲ್ಲಿ ಕೂತಳು. ಔಷಧಿ ಅಂಗಡಿಯ ಸ್ಪಿರಿಟ್, ಹಳೆ ಹಲ್ಲುಜ್ಜುವ ಬ್ರಷ್, ಭಾವನ ಕಾಲದ ಓದುವ ಕನ್ನಡಕ. ಕಿಲುಬು ತೆಗೆದಂತೆ ಕೆಳಗಿನ ತಾಮ್ರದ ಗೆರೆಗಳು ಕಂಡವು. ಕೆಲವು ತುಂಡಾಗಿದ್ದವು. ಕೂದಲಿಗಿಂತ ದಪ್ಪವಿಲ್ಲದ ಗೆರೆಗಳು. ಅವಳು ಬೆಸುಗೆ ಕಡ್ಡಿ ಬಿಸಿ ಮಾಡಿ, ಒಂದು ತಂತಿಯೊಳಗಿನ ಎಳೆಯನ್ನು ಬಿಡಿಸಿ, ಉಸಿರು ಹಿಡಿದು, ಒಂದೊಂದೇ ತುಂಡನ್ನು ಕೂಡಿಸುತ್ತಾ ಹೋದಳು. ಚುಂಯ್ ಎನ್ನುವ ಸದ್ದು, ಆ ಹೊಗೆ, ಆ ವಾಸನೆ. ಸಮುದ್ರದಲ್ಲಿ ನಾನು ದೊಡ್ಡ ದೊಡ್ಡ ಅಲೆ ನೋಡಿದ್ದೇನೆ, ಮಿಂಚು ನೀರಿಗೆ ಇಳಿದದ್ದನ್ನು ನೋಡಿದ್ದೇನೆ. ಆ ಜಗಲಿಯಲ್ಲಿ ಅಕ್ಕನ ಬೆರಳುಗಳನ್ನು ನೋಡಿದಾಗ ಆದಂಥ ಬೆರಗು ಎಲ್ಲೂ ಆಗಿಲ್ಲ. ಮುಂಬೈಯ ಕಾರ್ಖಾನೆಯಲ್ಲಿ ದಿನವಿಡೀ ಕೂತು ಕಲಿತದ್ದೆಲ್ಲ ಅವಳ ಕೈಯಲ್ಲಿ ಹಾಗೆಯೇ ಇತ್ತು. ನಾವು ಮನೆಯವರು ಅದನ್ನು ಒಂದು ದಿನವೂ ಕೇಳಿರಲಿಲ್ಲ.

"ಪೂರಾ ಸಮ ಆಯ್ಕ್ ಅಂತಿಲ್ಲೆ. ಒಂದ್ ಸಲ ಮಾತಾಡ್ರೆ ಸಾಕ್," ಎಂದಳು.

ಕಾರು ಕಲಿಯಲು ಬರುತ್ತಿದ್ದ ಟೀಚರೊಬ್ಬರು ಲ್ಯಾಪ್‌ಟಾಪ್ ಕೊಟ್ಟರು. ಕಾರಿಗೂ ಅದಕ್ಕೂ ನಡುವೆ ಹಾಕುವ ಕೇಬಲ್ಲನ್ನು ಅಕ್ಕ ತರಿಸಿದ್ದಳು. ಕೆಲಸಕ್ಕೆ ಇಟ್ಟುಕೊಂಡದ್ದು ಒಂದು ಭಾನುವಾರ ಬೆಳಿಗ್ಗೆ. ಮಳೆಗಾಲ ಶುರುವಾಗಿತ್ತು, ಬೋಟುಗಳು ದಡ ಸೇರಿದ್ದವು. ಕಾರಿನ ಮೇಲೆ ಟಾರ್ಪಾಲು ಕಟ್ಟಿದ್ದೆವು. ಗುಜರಿಯ ಪೆಟ್ಟಿಗೆಗೆ ಮಾಹಿತಿ ಬರೆಯುವ ಹೊತ್ತಿನಲ್ಲಿ ಬ್ಯಾಟರಿ ಸ್ವಲ್ಪ ಕುಗ್ಗಿದರೂ ಪೆಟ್ಟಿಗೆ ಅರ್ಧ ಕಲಿತು ಸತ್ತುಹೋಗುತ್ತದೆ, ಆಮೇಲೆ ಅದಕ್ಕೆ ಯಾರೂ ಜೀವ ಕೊಡಲಾರರು ಎಂದು ಅಕ್ಕ ಹೇಳಿದಳು. ಕಾರಿನ ಬ್ಯಾಟರಿಯ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ನಾನು ನಮ್ಮ ಬೋಟಿನ ಬ್ಯಾಟರಿಯನ್ನು ಹೊತ್ತು ತಂದೆ. ಅದನ್ನು ಸ್ಟೂಲಿನ ಮೇಲಿಟ್ಟು, ಕೆಂಪಿಗೆ ಕೆಂಪು ಕರಿಗೆ ಕರಿ ಎಂದು ದಪ್ಪ ತಂತಿಗಳಿಂದ ಕಾರಿನದಕ್ಕೆ ಸೇರಿಸಿದೆವು. ಅವಳ ಕೆಲಸದಲ್ಲಿ ನಾನು ಕೊಟ್ಟದ್ದು ಅದೊಂದೇ.

ಮೊದಲು ಹಳೆ ಪೆಟ್ಟಿಗೆ ಜೋಡಿಸಿದಳು. ಕೇಬಲ್ ಸಿಕ್ಕಿಸಿದಳು. ಪರದೆಯಲ್ಲಿ ಏನೂ ಇಲ್ಲ. ಮತ್ತೆ ತೆಗೆದು, ಊದಿ, ಸಿಕ್ಕಿಸಿದಳು. ಏನೂ ಇಲ್ಲ. ಮೂರನೇ ಸಲ ಸಾಲುಸಾಲಾಗಿ ಅಕ್ಷರಗಳು ಇಳಿಯತೊಡಗಿದವು. "ಹ್ಞಾ, ಮಾತಾಡ್, ಮಾತಾಡ್," ಎಂದು ಅಕ್ಕ ಮಗುವಿಗೆ ಹೇಳುವ ಹಾಗೆ ಹೇಳಿದಳು. ಸತ್ತಿತೆಂದುಕೊಂಡ ಪೆಟ್ಟಿಗೆ ತನ್ನಲ್ಲಿದ್ದದ್ದನ್ನೆಲ್ಲ ಲ್ಯಾಪ್‌ಟಾಪಿಗೆ ಕೊಟ್ಟಿತು. ಕೊಟ್ಟ ಮೇಲೆ ಪರದೆ ಖಾಲಿಯಾಯಿತು. ಆಮೇಲೆ ಅದು ಎಷ್ಟು ಮಾಡಿದರೂ ಎದ್ದುಕೊಳ್ಳಲಿಲ್ಲ.

ಇನ್ನು ಗುಜರಿಯ ಪೆಟ್ಟಿಗೆಯ ಸರದಿ. ಈ ಕಾರಿಗೆ ಹಿಂದಿನ ವೈಪರ್ ಇದೆ, ಮಂಜಿನ ದೀಪ ಇಲ್ಲ, ಬಾಗಿಲು ಇಷ್ಟು, ಕೀಲಿ ಇಂಥದ್ದು ಎಂದು ಅದಕ್ಕೆ ತಿಳಿಸಬೇಕಿತ್ತು. ಬರೆಯಲು ಶುರುಮಾಡುವ ಮುಂಚೆ ಅಕ್ಕ ಅಂಗಳದಲ್ಲಿದ್ದವರಿಗೆಲ್ಲ ಹೇಳಿದಳು, "ಮುಗುವರಿಗೆ ಯಾರೂ ಬಾಗ್ಲ್ ಮುಟ್ಟುಕಾಗ." ಬಾಗಿಲು ತೆರೆದರೆ ಒಳಗಿನದೆಲ್ಲ ಎಚ್ಚರಾಗಿ ಕೆಲಸ ಕೆಡುತ್ತದಂತೆ. ಪರದೆಯ ಮೇಲೆ ಒಂದು ಹಸಿರು ಗೆರೆ ಎಡದಿಂದ ಬಲಕ್ಕೆ ತೆವಳತೊಡಗಿತು. ಅರ್ಧಕ್ಕೆ ಬಂದಿತ್ತು. ಅಮ್ಮ ಚಾ ಲೋಟ ಹಿಡಿದು ಬಂದವರು ಮಾಮೂಲಿನಂತೆ ಕಾರಿನ ಬಾಗಿಲಿಗೆ ಕೈ ಚಾಚಿದರು.

"ಅಮ್ಮಾ! ಕೈ!" ಎಂದು ನಾನು ಕೂಗಿದ ರಭಸಕ್ಕೆ ಅಮ್ಮನ ಕೈಯ ಚಾ ನನ್ನ ಮೇಲೆಯೇ ಬಿತ್ತು. ಅಕ್ಕ ಒಳಗಿನಿಂದ ಕಣ್ಣು ಮಾತ್ರ ಮೇಲೆತ್ತಿದಳು. "ಚಾ ಅವ್ನಿಗೇ ಕೊಡಿ ಅಮ್ಮ, ಅವ ಹ್ಯಾಂಗೂ ಮಿಂದಾಯ್ತ್."

ಗೆರೆ ತುದಿ ಮುಟ್ಟಿತು. ಅಕ್ಕ ಕೀಲಿ ತಿರುಗಿಸಿದಳು, ತೆಗೆದಳು, ಮತ್ತೆ ತಿರುಗಿಸಿದಳು. ಪರದೆ ಹೇಳಿದಂತೆ ಕಾದಳು. ಕೀಲಿಯ ಗುಂಡಿ ಒತ್ತಿದಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ನಾಲ್ಕೂ ಬಾಗಿಲು ಒಟ್ಟಿಗೇ ಟಪ್ ಎಂದವು, ನಾಲ್ಕೂ ಮೂಲೆಯ ದೀಪ ಒಟ್ಟಿಗೇ ಕಣ್ಣು ಮಿಟುಕಿಸಿದವು. ಅಮ್ಮ ಕೈ ಮುಗಿದರು. ಕಾರಿಗೋ ಮಗಳಿಗೋ ತಿಳಿಯಲಿಲ್ಲ. ಅಕ್ಕ ಇಂಜಿನ್ ಚಾಲೂ ಮಾಡಿ, ವೈಪರ್ ಒಂದು ಸುತ್ತು ಓಡಿಸಿ, ನಿಲ್ಲು ಎಂದಾಗ ಅದು ನಿಂತದ್ದನ್ನು ಕಂಡು, ಸ್ಟೇರಿಂಗ್ ಮೇಲೆ ಹಣೆ ಇಟ್ಟು ಕೂತುಬಿಟ್ಟಳು. ಅವಳ ಬೆನ್ನು ಅಲುಗುತ್ತಿತ್ತು. ಭಾವ ಹೋದಾಗಲೂ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ.

ಮುಖ ಒರೆಸಿಕೊಂಡು ಹೊರಗೆ ಬಂದವಳು ಮೊದಲು ಹೇಳಿದ್ದು ನನಗೆ. "ಹೋಯಿ ಚಿಕ್ಕಿನ್ ಕರ್ಕಂಡ್ ಬಾ. ಮೊದ್ಲ್ ಅವ್ಳೇ ಓಡ್ಸ್ಲಿ." ಸ್ವಲ್ಪ ನಿಂತು, "ನೀನೇ ಹೋಗ್. ಅಮ್ಮ ಬ್ಯಾಡ," ಎಂದಳು.

ಅವಳು ನನ್ನನ್ನೇ ಏಕೆ ಕಳಿಸಿದಳೆಂದು ನನಗೆ ಗೊತ್ತಿತ್ತು. ನಾಲ್ಕು ಮನೆಯ ದಾರಿಯನ್ನು ನಾನು ಕಡಲ ಬದಿಯಿಂದ ಸುತ್ತಿ ಹೋದೆ. ಚಿಕ್ಕಿ ಮನೆಯ ಮುಂದೆ ಪಾತ್ರೆ ತೊಳೆಯುತ್ತಿದ್ದಳು. "ಅಕ್ಕ ಕರಿತ್ಲ್. ಕಾರ್ ಸಮ ಆಯ್ತ್," ಎಂದೆ. ಅವಳು ಕೈ ನಿಲ್ಲಿಸಿ ಕೇಳಿದಳು, "ಹಂಗಾರೆ ನನ್ ಬುಟ್ಟಿಯಿಂದ ಆದ್ದ್ ಅಲ್ಲ ಅಲ್ದಾ?"

ಬರೀ ಒಂದು ಮಾತು ಹೇಳಬೇಕಿತ್ತು. ನಾನು, "ನಂಗ್ ಗೊತ್ತಿಲ್ಲೆ," ಎಂದೆ.

ಚಿಕ್ಕಿ ಮತ್ತೆ ಪಾತ್ರೆ ಹಿಡಿದಳು. "ಹಂಗಾರೆ ನಾ ಎಂತಕ್ ಬಪ್ಪುದ್," ಎಂದಳು. ನಾನು ಮರಳಿ ಬಂದು, ಅವಳಿಗೆ ಪುರುಸೊತ್ತಿಲ್ಲವಂತೆ ಎಂದು ಅಕ್ಕನಿಗೆ ಹೇಳಿದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಸಿಟ್ಟು ಇರಲಿಲ್ಲ ಆ ನೋಟದಲ್ಲಿ. ಪರದೆಯ ಮುಂದೆ ಕೂತು ಕಾದಿದ್ದಳಲ್ಲ, ಹಾಗೆ ಇತ್ತು.

ಆ ಮಳೆಗಾಲ ಮುಗಿಯುವುದರೊಳಗೆ ಚಿಕ್ಕಿ ಮನೆ ಬಿಟ್ಟು ಬೈಂದೂರಿನಲ್ಲಿದ್ದ ಮಗಳ ಹತ್ತಿರ ಹೋದಳು ಎಂದು ಕೇಳಿದೆ. ಅಕ್ಕನ ಕಾರು ಓಡತೊಡಗಿತು, ಹೆಂಗಸರು ಮತ್ತೆ ಬಂದರು. ಕಾರನ್ನು ಮನೆಯಲ್ಲೇ ಬಿಚ್ಚಿ ಸರಿ ಮಾಡಿದವಳು ಎಂದು ಅವಳ ಹೆಸರು ಕುಂದಾಪುರದವರೆಗೂ ಹೋಯಿತು. ನನಗೂ ಕಾರು ಕೊಡುತ್ತಲೇ ಇದ್ದಳು. ಮೀನಿನ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ. ಹೇಳುತ್ತೇನೆ, ಇವತ್ತಲ್ಲ ನಾಳೆ ಹೇಳುತ್ತೇನೆ ಎಂದುಕೊಂಡೇ ಎರಡು ಮಳೆಗಾಲ ದಾಟಿತು. ಒಂದು ಮಧ್ಯಾಹ್ನ ತಲೆನೋವೆಂದು ಮಲಗಿದ ಅಕ್ಕ ಏಳಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿತ್ತು ಎಂದರು ಡಾಕ್ಟರು. ನಾನು ಆಗ ಬೋಟಿನಲ್ಲಿದ್ದೆ...

ಬ್ರಹ್ಮಾವರದ ಆ ಅಂಗಡಿಯಿಂದ ಇಳಿದವನು ಮನೆಯ ಬಸ್ಸು ಹತ್ತಲಿಲ್ಲ. ಬೈಂದೂರಿನ ಬಸ್ಸು ಹತ್ತಿದೆ. ಅಲ್ಲಿನ ಮೀನು ಮಾರುಕಟ್ಟೆಯಲ್ಲಿ ಚಿಕ್ಕಿಯ ಬಗ್ಗೆ ಕೇಳಿದರೆ, "ಅವ್ಳಾ? ಈಗ ಬತ್ತ್ಲ್, ಕೂತ್ಕಣಿ," ಎಂದರು. ಸ್ವಲ್ಪ ಹೊತ್ತಿಗೆ ಒಂದು ಸಣ್ಣ ಗೂಡ್ಸ್ ಗಾಡಿ ಬಂತು. ಎರಡು ಸ್ಕೂಟರುಗಳ ನಡುವಿನ ಸಂದಿಗೆ ಹಿಮ್ಮುಖವಾಗಿ ನುಣ್ಣಗೆ ಬಂದು ನಿಂತಿತು. ಚಾಲಕನ ಸೀಟಿನಿಂದ ಇಳಿದವಳು ಚಿಕ್ಕಿ. ತಲೆ ನರೆತಿತ್ತು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ. ಹಿಂದಿನ ಬಾಗಿಲು ಇಳಿಸುತ್ತಾ, "ಹ್ವಾಯ್, ಬೀಜಾಡಿ ಹೈದ! ಒಂದ್ ಕೈ ಹಿಡಿ," ಎಂದಳು.

ಮೀನಿನ ಪೆಟ್ಟಿಗೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಹಾಗೆ ಹಿಡಿದುಕೊಂಡೇ ಹೇಳಿದೆ. ಬಂಗುಡೆ, ಬಾವಿ ನೀರು, ಪರೆ, ಗೇಟಿನ ಹತ್ತಿರ ನಾನು ನೋಡುತ್ತಿದ್ದ ಬಲೆಯ ಗಂಟು, ಎಲ್ಲವನ್ನೂ. ಅವಳು ನನ್ನ ಜೊತೆ ಪೆಟ್ಟಿಗೆಯನ್ನು ಕೆಳಗಿಟ್ಟಳು.

"ಗೊತ್ತಿತ್ತ್," ಎಂದಳು ಆಮೇಲೆ.

ನಾನು ಅವಳ ಮುಖ ನೋಡಿದೆ.

"ನಿನ್ನಕ್ಕ ಇಲ್ಲಿಗ್ ಬಂದಿದ್ಲ್. ಅದೇ ಕಾರಂಗೆ. ಬಾಗ್ಲಂಗೆ ನಿಂತ್ಕಂಡ್ ತಪ್ಪಾಯ್ತ್ ಅಂದ್ಲ್. ಯಾರ್ದ್ ತಪ್ಪ್ ಮಾರಾಯ್ತಿ ಅಂದ್ರೆ, ನಮ್ಮನಿದ್ ಅಂದ್ಲ್. ನನ್ ತಮ್ಮ ಬಂದ್ ಹೇಳ್ತ, ಅಲ್ಲಿವರಿಗೆ ನೀನಾಗಿ ಅವ್ನ್ ಹತ್ರ ಎಂತದೂ ಕೇಣ್ಬೇಡ ಅಂದ್ಲ್." ಚಿಕ್ಕಿ ಸೆರಗಿನಿಂದ ಕೈ ಒರೆಸಿಕೊಂಡು ಗಾಡಿಯ ಕಡೆ ಗಲ್ಲ ಎತ್ತಿ ತೋರಿಸಿದಳು. "ಇದ್ ಓಡ್ಸುಕ್ ಕಲ್ಸಿದ್ದೂ ಅವ್ಳೇ. ಇಲ್ಲಿಗ್ ಬಂದ್ ಬಂದ್ ಕಲ್ಸಿದ್ದ್."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಮೀನು ಕೊಳ್ಳುವವರು ಬಂದರು. ಚಿಕ್ಕಿ ಅವರಿಗೆ ತೂಗಿ ಕೊಟ್ಟಳು, ಚೌಕಾಸಿ ಮಾಡಿದವರಿಗೆ ತಮಾಷೆಯಲ್ಲೇ ಬೈದಳು. ಜನ ಕಡಿಮೆಯಾದ ಮೇಲೆ ನನ್ನ ಪಕ್ಕದಲ್ಲಿ ಬಂದು ಕೂತಳು.

"ನಂಗೆಂತ, ನೀ ಇವತ್ ಬಂದ್ರೂ ಆಯ್ತ್, ಬರದಿದ್ರೂ ಆಯ್ತ್," ಎಂದಳು. "ಅವ್ಳಿಗ್ ಹಂಗಲ್ಲ. ಬಂದಾಗೆಲ್ಲ ಗಾಡಿ ಹತ್ತುಕ್ ಮುಂಚೆ ಕೇಂತಿದ್ಲ್. ಬಂದಿದ್ನಾ ಅವ, ಅಂದ್ಹೇಳಿ. ಇಲ್ಲೆ ಅಂದ್ರೆ, ಬತ್ತ ಬಿಡ್ ಅಂತಿದ್ಲ್. ಕಡಿ ಸಲ ಬಂದಾಗ್ಳೂ ಕೇಣಿದ್ಲ್."

ಅವಳು ಎದ್ದು ಖಾಲಿ ಪೆಟ್ಟಿಗೆಗೆ ನೀರು ಹೊಯ್ದಳು. ನಾನು ತಲೆ ಎತ್ತಲಿಲ್ಲ.

"ಈಗ ಬಂದೆ ನೀನ್," ಎಂದಳು ಚಿಕ್ಕಿ. "ಇನ್ ಯಾರಿಗ್ ಹೇಳುದ್ ನಾನ್?"